ಶಾಮಿಯಾನ ಬಿಚ್ಚಿಡಿ, ಓಣಿಗೆ ನಡೆಯಿರಿ: ಸಭೆಯ ಸುವಾರ್ತಾ ಸೇವೆಗೆ ಒಂದು ವರ್ಷದ ಕ್ರಮ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಸುವಾರ್ತಾ ಸೇವೆ, ಅಂದರೆ ಯೇಸುವಿನ ಸಂದೇಶ ಸಾರುವ ಕೆಲಸ, ಅನೇಕ ಕ್ರೈಸ್ತ ಸಭೆಗಳಿಗೆ (ಚರ್ಚ್‌ಗಳಿಗೆ) ಇಂದಿಗೂ ಮೂರು ದಿನದ ಕೂಟವೇ. ಬಾಡಿಗೆ ಮೈಕು, ಹೊರಗಿನ ಪ್ರಸಂಗಿ, ಒಂದು ಕಟ್ಟು ಕರಪತ್ರ. ನಾಲ್ಕನೇ ದಿನ ಅಲ್ಲಿ ಗೂಟ ಕಿತ್ತ ಗುಂಡಿಗಳಷ್ಟೇ ಉಳಿದಿರುತ್ತವೆ. ಅದೇ ದುಡ್ಡು, ಅದೇ ಜನ ಒಂದೇ ಊರಿಗೆ ಒಂದು ವರ್ಷ ಸಿಗುವಂತೆ ಮಾಡಬಹುದು. ಇದು ಈ ನೆಲಕ್ಕೆ ಹೊಸದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಕನ್ನಡ ಕಲಿತು, ಆಮೇಲೆ ವಿಲಿಯಂ ರೀವ್ ಮುಂತಾದವರ ಜತೆಗೂಡಿ ದುಡಿದು, ಪೂರ್ತಿ ಕನ್ನಡ ಬೈಬಲ್ ಹೊರಬರುವ ಹೊತ್ತಿಗೆ 1831 ಆಗಿತ್ತು. ಭಾಷೆಗೇ ಇಪ್ಪತ್ತು ವರ್ಷ ಕೊಟ್ಟವರ ಹಾದಿ ಅದು.

ತಂಡಕ್ಕೆ ಐದು ಜನ ಸಾಕು, ಅದರಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳಿರಲಿ. ತಾಂಡಾಕ್ಕೆ ಹೋಗುವುದಾದರೆ ಲಂಬಾಣಿ ಆಡುವವರು, ಸಿರುಗುಪ್ಪ ಕಡೆಯಾದರೆ ತೆಲುಗು ಬಲ್ಲವರು ಒಬ್ಬರಾದರೂ ಬೇಕು. ಪಾಸ್ಟರ್ ಅವರನ್ನು ಮುಂದೆ ನಿಲ್ಲಿಸಬೇಡಿ. ಪಾಸ್ಟರ್ ಬಂದರೆ ಜನ ಚಾಪೆ ಹಾಸಿ, ಚಹಾ ಕೊಟ್ಟು, ಅವರಿಗೆ ಹಿಡಿಸುವ ಮಾತನ್ನೇ ಆಡುತ್ತಾರೆ. ಊರು ಹತ್ತು ಹದಿನೈದು ಕಿಲೋಮೀಟರ್ ಒಳಗಿರಲಿ. ದೂರದ ಊರಾದರೆ ಎರಡನೇ ತಿಂಗಳಿಗೇ ಭೇಟಿ ತಪ್ಪುತ್ತದೆ.

ಮೊದಲ ಮೂರು ತಿಂಗಳು ಕೇಳಿಸಿಕೊಳ್ಳುವುದಷ್ಟೇ ಕೆಲಸ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಹೋಗಿ. ಗಂಗಾವತಿ, ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ ಇರುವಾಗ ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ, ಸಂಜೆ ಏಳರ ಮೇಲೆ ಹೋಗಬೇಕು. 'ನಿಮಗೇನು ಬೇಕು?' ಎಂದು ಕೇಳಿದರೆ ಕೆಲಸ ಕೆಟ್ಟಿತು. ಬೋರು, ಮನೆ, ಸಾಲ ಎಂದು ಪಟ್ಟಿ ಬರುತ್ತದೆ, ಅಂದಿನಿಂದ ನೀವು ಕೊಡುವವರು, ಅವರು ಬೇಡುವವರು. 'ಹೋದ ವರ್ಷ ಯಾವ ತಿಂಗಳು ಮನೆ ನಡೆಸೋದು ಕಷ್ಟ ಆತು? ಆಗ ಯಾರ ಹತ್ತಿರ ಹೋದ್ರಿ?' ಎಂದು ಕೇಳಿ. ಊರಿನೊಳಗೆ ಆಗಲೇ ಇರುವ ಆಸರೆ ಯಾವುದೆಂದು ಎರಡನೇ ಪ್ರಶ್ನೆಯಿಂದ ತಿಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಕಷ್ಟ, ತಿಂಗಳು, ಕಾರಣ ಬರೆಯಿರಿ. ಜಾತಿ, ಧರ್ಮದ ಕಾಲಂ ಬೇಡ. 'ಆಸಕ್ತರು' ಎಂಬ ಪಟ್ಟಿಯಂತೂ ಬೇಡವೇ ಬೇಡ.

ನಾಲ್ಕನೇ ತಿಂಗಳು ಒಂದೇ ಒಂದು ಕೆಲಸ ಆರಿಸಿ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯನ್ನೇ ನಂಬಿದ ಹಳ್ಳಿಗಳಲ್ಲಿ ಅದು ಗುಳೆ ಹೋದವರ ಮಕ್ಕಳಿಗೆ ಸಂಜೆಯ ಪಾಠ ಆಗಬಹುದು. ಅಪ್ಪ ಅವ್ವ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ. ಆರೂವರೆಯಿಂದ ಎಂಟರವರೆಗೆ, ಹನ್ನೆರಡು ಮಕ್ಕಳಿಗೆ ಇಬ್ಬರು ದೊಡ್ಡವರು. ಒಬ್ಬರೇ ಎಂದೂ ಇರಕೂಡದು, ಬಾಗಿಲು ತೆರೆದಿರಬೇಕು. ತಂದೆತಾಯಿ ಗುಳೆ ಹೊರಡುವ ಮುಂಚೆಯೇ ಅವರ ಒಪ್ಪಿಗೆ, ಫೋನ್ ನಂಬರು ಪಡೆದು ವಾರಕ್ಕೊಮ್ಮೆ ಮಗುವಿನಿಂದ ಮಾತಾಡಿಸಿ. ಈ ಪಾಠದಲ್ಲಿ ಪ್ರಾರ್ಥನೆ, ಬೈಬಲ್ ಕಥೆ, ಯೇಸುವಿನ ಪಟ ಯಾವುದೂ ಬೇಡ. ಹೆತ್ತವರು ಒಪ್ಪಿದ್ದು ಪಾಠಕ್ಕೆ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೂ ಅದು ಅವರ ಬೆನ್ನ ಹಿಂದೆ ಮಾಡಿದ ಕೆಲಸ. ಇಂಥ ಪಾಠ ನಿಲ್ಲುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಸುಗ್ಗಿ ಮುಗಿಸಿ ಜನ ಗುಳೆ ಏಳುವ ಹೊತ್ತಿಗೇ ಸಭೆಗೆ ಕ್ರಿಸ್‌ಮಸ್ ಗಡಿಬಿಡಿ. ಬದಲಿ ಇಬ್ಬರನ್ನು ನವೆಂಬರಿನಲ್ಲೇ ಗೊತ್ತುಮಾಡಿ.

ನೀರೇ ಕಷ್ಟವಾದ ಊರಿನಲ್ಲಿ ಪರೀಕ್ಷೆಯಿಂದ ಶುರುಮಾಡಿ. ಈ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಬಾವಿಯ ಜಾಗ, ದಿನಾಂಕ ಬರೆದು ಪ್ರಯೋಗಾಲಯಕ್ಕೆ ಕೊಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರಿಲ್ಲದ ಕಡೆಯೂ 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಸಭೆಯ ಬೋರ್ಡು ಹಾಕಿ ಹೊಸ ಶುದ್ಧ ನೀರಿನ ಘಟಕ ಕೂಡಿಸುವ ಆಸೆ ಬಿಡಿ. ಕೆಟ್ಟು ನಿಂತ ಪಂಚಾಯಿತಿ ಘಟಕ ಇದ್ದರೆ ಊರವರ ಸಹಿಯಿಂದಲೇ ಅರ್ಜಿ ಹೋಗಲಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಊರವರ ಕೈಯಲ್ಲೇ ಇರಲಿ.

ಸಹಾಯದ ದುಡ್ಡಿಗೂ ಸುವಾರ್ತೆಯ ಕಾಣಿಕೆಗೂ ಬೇರೆ ಬೇರೆ ಲೆಕ್ಕ ಇಡಿ. ಅಕ್ಕಿ ಹಂಚುವ ದಿನ ಪ್ರಾರ್ಥನೆ ಇಲ್ಲ, ಪ್ರಾರ್ಥನೆಯ ದಿನ ಅಕ್ಕಿ ಇಲ್ಲ. ಯಾರಾದರೂ ನಂಬಿಕೆಯ ಬಗ್ಗೆ ಕೇಳಿದರೆ ಮುಚ್ಚಿಡದೆ ಹೇಳಿ, ಕೇಳದವರ ಬೆನ್ನು ಹತ್ತಬೇಡಿ. ರೋಗಿಗಾಗಿ ಪ್ರಾರ್ಥಿಸಿದ ಬಾಯಲ್ಲೇ 'ಗುಳಿಗೆ ನಿಲ್ಲಿಸಬೇಡಿ' ಎಂದೂ ಹೇಳಬೇಕು. ಕ್ಷಯದ ಗುಳಿಗೆ ಸಾಮಾನ್ಯವಾಗಿ ಆರು ತಿಂಗಳು. ಎರಡನೇ ತಿಂಗಳಿಗೆ ಕೆಮ್ಮು ಕಡಿಮೆಯಾದದ್ದನ್ನು ಪ್ರಾರ್ಥನೆಯಿಂದ ವಾಸಿಯಾದ ಸಾಕ್ಷಿ ಎಂದು ವೇದಿಕೆಯಲ್ಲಿ ಹೇಳಿಸಬೇಡಿ. ಅದನ್ನು ನಂಬಿ ಅವರು ಗುಳಿಗೆ ಬಿಟ್ಟರೆ ರೋಗ ಮರಳಬಹುದು, ಅದೇ ಔಷಧಿಗೆ ಬಗ್ಗದ ಹಾಗೂ ಆಗಬಹುದು.

ದೀಕ್ಷಾಸ್ನಾನ (ಕ್ರೈಸ್ತರಾಗುವ ವಿಧಿ) ಕೇಳಿ ಬಂದವರಿಗೆ ಕಾನೂನನ್ನು ಮೊದಲೇ ತಿಳಿಸುವುದು ಸಭೆಯ ಕರ್ತವ್ಯ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಮಗಳ ಸ್ಕಾಲರ್‌ಶಿಪ್ಪು, ಮಗನ ನೌಕರಿ ಎರಡಕ್ಕೂ ಇದು ತಾಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಇಂಥ ಧರ್ಮದ ಷರತ್ತಿಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ, ಆದರೆ ಇನ್ನೊಬ್ಬರನ್ನು ಮತಾಂತರಿಸುವುದು ಅದರಲ್ಲಿ ಸೇರದು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಮತಾಂತರ ಕುರಿತ ರಾಜ್ಯದ 2022ರ ಕಾಯ್ದೆಯ ಇಂದಿನ ಸ್ಥಿತಿಯನ್ನು ವಕೀಲರಿಂದ ಬರಹದಲ್ಲೇ ಪಡೆಯಿರಿ. ಇಷ್ಟೆಲ್ಲ ಕೇಳಿದ ಮೇಲೆ ಆರು ತಿಂಗಳಾದರೂ ಯೋಚಿಸಲು ಬಿಡಿ, ಗಂಡ ಹೆಂಡಿರನ್ನು ಬೇರೆ ಬೇರೆ ಕೂರಿಸಿ ಕೇಳಿ.

ಹುಲಿಗೆಮ್ಮನ ಜಾತ್ರೆ, ಗವಿಮಠದ ಜಾತ್ರೆ, ಮೊಹರಂ ಅಲಾಯಿ ಕುಣಿತದಲ್ಲಿ ಕರಪತ್ರ ಹಂಚಬೇಡಿ. ಅಲ್ಲಿ ಬಿಸಿಲಲ್ಲಿ ನಡೆದು ಬಂದವರಿಗೆ ನೀರು ಕೊಡುವ ಮನಸ್ಸಿದ್ದರೆ ಕೊಡಿ, ಬ್ಯಾನರ್ ಕಟ್ಟಬೇಡಿ. ಇನ್ನೊಬ್ಬರ ದೇವರನ್ನು ಹಳಿಯುವ ಪ್ರಸಂಗಿಯನ್ನು ಎರಡನೇ ಸಲ ಕರೆಯಬೇಡಿ.

ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವಾಗ ಎಷ್ಟು ಜನ ಸಭೆಗೆ ಸೇರಿದರು ಎಂಬ ಪ್ರಶ್ನೆಯನ್ನು ಕಮಿಟಿ ಕೈಬಿಡಲಿ. ಬದಲಿಗೆ ಆ ಊರಿನ ಮೂವರನ್ನು, ಒಬ್ಬರಾದರೂ ಹೆಣ್ಣುಮಗಳಿರುವಂತೆ, ಸಭೆಗೆ ಸೇರದವರನ್ನೇ ಕರೆದು ಕೂರಿಸಿ ಎರಡು ಮಾತು ಕೇಳಿ: ನಾವು ಬರುವುದು ನಿಂತರೆ ಏನು ನಿಲ್ಲುತ್ತದೆ? ನಮ್ಮಿಂದ ತೊಂದರೆ ಏನಾಯಿತು? ಅವರು ಮಾತಾಡುವಾಗ ಪಾಸ್ಟರ್ ಹೊರಗಿರಲಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಂಡು, ಅವರ ಒಪ್ಪಿಗೆ ಪಡೆದು, ಭಾನುವಾರದ ಆರಾಧನೆಯಲ್ಲಿ ಓದಿ.