ಡಬ್ಬಿ ಕೊಳ್ಳುವಾಗ ನಾನು ಮೊದಲು ಮುಚ್ಚಳ ನೋಡುತ್ತೇನೆ

ಮನೆಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರು ನಟ್ಟು, ಬೋಲ್ಟು, ವಾಷರ್ ಇಡಲು ಡಬ್ಬಿ ಹುಡುಕುವಾಗ ಸಾಮಾನ್ಯವಾಗಿ ಕೇಳೋದು ಎರಡೇ: ಎಷ್ಟು ಖಾನೆ ಇವೆ, ಎಷ್ಟು ರೇಟು. ನಾನು ಮೊದಲು ಮುಚ್ಚಳ ನೋಡುತ್ತೇನೆ. ಕೆಲವು ಸಾಮಾನಿಗೆ ಬಿಗಿ ಮುಚ್ಚಳ ಬೇಕೇ ಬೇಕು. ಕೆಲವಕ್ಕೆ ಮುಚ್ಚಳ ಇರದಿದ್ದರೇ ಒಳ್ಳೇದು. ಇನ್ನು ಕೆಲವಕ್ಕೆ ಬೆಳಕು ಕೂಡ ಒಳಗೆ ಹೋಗದಂಥ ಡಬ್ಬಿಯೇ ಆಗಬೇಕು.

ನಾನಿರೋದು ಬೆಳಗಾವಿಯ ಅನಗೋಳದಲ್ಲಿ. ಹಗಲು ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಬಿಚ್ಚಿ ಜೋಡಿಸುವ ಫಿಟ್ಟರ್ ಕೆಲಸ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ವೈಸ್, ಬೆಂಚ್ ಡ್ರಿಲ್, ಗ್ರೈಂಡರ್ ಇವೆ, ಸಂಜೆ ಹೊತ್ತು ಓಣಿಯವರ ಮಿಕ್ಸರ್, ನೀರಿನ ಪಂಪು, ಹೊಲಿಗೆ ಯಂತ್ರ, ಗಾಡಿ ಜಾಕ್ ಇಂಥವು ಬರುತ್ತಿರುತ್ತವೆ. ಹೀಗಾಗಿ ಸಣ್ಣ ಸಾಮಾನು ಸಾವಿರಾರು. ಅವನ್ನು ಒಂದು ವ್ಯವಸ್ಥೆಗೆ ತರುವಾಗ ನನಗೆ ಅತಿ ದೊಡ್ಡ ವೈರಿ ಜಾಗದ ಕೊರತೆ ಅಲ್ಲ, ನಮ್ಮ ಮಳೆಗಾಲ. ಜೂನ್‌ನಲ್ಲಿ ಶುರುವಾದ ಜಿಟಿಜಿಟಿ ಮಳೆ ಸೆಪ್ಟೆಂಬರ್‌ವರೆಗೆ ಬಿಡೋದಿಲ್ಲ, ಗೋಡೆ ತಂಪು, ಅರಿವೆ ಒಣಗೋದಿಲ್ಲ, ಕಪಾಟಿನೊಳಗೂ ಹಸಿ ವಾಸನೆ. ಗಾಳಿಯ ತೇವ ಸುಮಾರು ಶೇಕಡಾ 60 ದಾಟಿತು ಅಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯೋದು ಜೋರಾಗುತ್ತದೆ, ಮತ್ತು ನಮ್ಮಲ್ಲಿ ಆ ನಾಲ್ಕು ತಿಂಗಳು ಅದಕ್ಕಿಂತ ಕಡಿಮೆ ಇರೋದೇ ಅಪರೂಪ. ವಿಜಯಪುರದ ಬೀಗರ ಮನೆಗೆ ಹೋದಾಗ ನೋಡಿದ್ದೇನೆ, ಅಲ್ಲಿ ಬೋಲ್ಟು ವರ್ಷಗಟ್ಟಲೆ ತೆರೆದ ಬುಟ್ಟಿಯಲ್ಲಿದ್ದರೂ ಬೆಳ್ಳಗೇ ಇರುತ್ತವೆ. ಅವರಿಗೆ ಕಾಟ ಕೊಡೋದು ಧೂಳು. ಅಲ್ಲಿನ ಸಲಹೆ ಇಲ್ಲಿಗೆ ಹೊಂದೋದಿಲ್ಲ.

ಹಾಗಂತ ಬಿಗಿ ಮುಚ್ಚಳ ಹಾಕಿದರೆ ಆಯ್ತು ಅಂದುಕೊಳ್ಳಬೇಡಿ. ಪಕ್ಕದ ಮನೆಯ ಹುಡುಗ ಕಾಲೇಜಿನ ಪ್ರಾಜೆಕ್ಟಿಗೆ ಅಂತ ತಂದಿಟ್ಟ, ತಲೆಯಲ್ಲಿ ಆರು ಮೂಲೆಯ ಕುಳಿ ಇರುವ ಅಲೆನ್ ಬೋಲ್ಟಿನ ಡಬ್ಬಿ ಹಿಡಿದುಕೊಂಡು ಬಂದಿದ್ದ. ರಬ್ಬರ್ ಗ್ಯಾಸ್ಕೆಟ್ ಇರುವ, ನಾಲ್ಕು ಕಡೆ ಕ್ಲಿಪ್ ಬೀಳುವ ಒಳ್ಳೇ ಡಬ್ಬಿ.

"ಕಾಕಾ, ಒಂದ ಹನಿ ನೀರ ಒಳಗ ಹೋಗಿಲ್ಲ ನೋಡ್ರಿ. ಆದ್ರೂ ಜಂಗ ಹಿಡದೈತಿ."

"ಯಾವಾಗ ತುಂಬಿದಿ?"

"ಜುಲೈದಾಗ ರೀ."

ಉತ್ತರ ಅಲ್ಲೇ ಇತ್ತು. ಜುಲೈ ಗಾಳಿಯನ್ನು ಅವನು ಬೋಲ್ಟಿನ ಜೊತೆ ಒಳಗೆ ಹಾಕಿ ಮುಚ್ಚಿದ್ದ. ರಾತ್ರಿ ತಂಪಾದಾಗ ಆ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಕಬ್ಬಿಣದ ಮೇಲೆಯೇ ಕೂಡುತ್ತದೆ. ಅದರ ಮೇಲೆ ಕೈ ಬೆವರು ಬೇರೆ, ಬೆವರಿನಲ್ಲಿ ಉಪ್ಪು ಇರುತ್ತದಲ್ಲ, ಅವನ ಬೋಲ್ಟಿನ ತಲೆ ಮೇಲೆ ಬೆರಳಿನ ಗುರುತೇ ಕಂದು ಬಣ್ಣದಲ್ಲಿ ಮೂಡಿತ್ತು. ಕಪ್ಪು ಅಲೆನ್ ಬೋಲ್ಟಿಗೆ ಇದು ಬೇಗ ಆಗುತ್ತದೆ. ಆ ಕಪ್ಪು ಒಂದು ತೆಳು ಪದರ ಅಷ್ಟೇ, ಸತುವಿನ ಲೇಪದಷ್ಟು ಕಾಯೋದಿಲ್ಲ.

ಹಾಗಾಗಿ ನನ್ನ ಗಾಳಿಯಾಡದ ಡಬ್ಬಿಗಳನ್ನೆಲ್ಲ ನಾನು ತುಂಬೋದು ಮಾರ್ಚ್, ಏಪ್ರಿಲ್‌ನಲ್ಲಿ, ಮಧ್ಯಾಹ್ನ ಬಿಸಿಲು ಏರಿದ ಮೇಲೆ. ಸಾಮಾನನ್ನು ತಟ್ಟೆಯಲ್ಲಿ ಹರವಿ ಬಿಸಿಲಿಗಿಟ್ಟು, ಬೆಚ್ಚಗಿರುವಾಗಲೇ ಮಷಿನ್ ಆಯಿಲ್ ಸವರಿದ ಬಟ್ಟೆಯಲ್ಲಿ ಹೊರಳಿಸಿ, ಡಬ್ಬಿಗೆ ಹಾಕಿ ಮುಚ್ಚುತ್ತೇನೆ. ಒಳಗೆ ಒಂದು ಸಿಲಿಕಾ ಜೆಲ್ ಚೀಲ. ಬಣ್ಣ ಬದಲಾಗುವ ಜಾತಿಯದ್ದೇ ತಗೊಳ್ಳಿ: ನೀಲಿ ಇದ್ದದ್ದು ಗುಲಾಬಿ ಆಗುತ್ತದೆ, ಕಿತ್ತಳೆ ಇದ್ದದ್ದು ಹಸಿರು ಆಗುತ್ತದೆ, ಆಗ ಅದು ಕುಡಿಯುವಷ್ಟು ತೇವ ಕುಡಿದಿದೆ ಅಂತ ಅರ್ಥ. ಸುಮಾರು 120 ಡಿಗ್ರಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದನ್ನು ಮಾತ್ರ ಅಡುಗೆ ತವೆಯ ಮೇಲೆ ಇಡಬೇಡಿ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ವರ್ಕ್‌ಶಾಪಿಗೆ ಅಂತಲೇ ಒಂದು ಹಳೇ ತಟ್ಟೆ ಬೇರೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಡಬ್ಬಿ ತೆರೆಯಲೇಬೇಕಾದರೆ ಬೇಕಾದ್ದು ತಗೊಂಡು ಕೂಡಲೇ ಮುಚ್ಚುತ್ತೇನೆ. ಫ್ಯಾಕ್ಟರಿಗೆ ಬರುವ ಬಿಡಿಭಾಗದ ಜೊತೆ ವಿಸಿಐ ಕಾಗದ ಸುತ್ತಿರುತ್ತಾರೆ, ಅದರಿಂದ ಸಣ್ಣಗೆ ಬರುವ ಆವಿ ಲೋಹವನ್ನು ಕಾಯುತ್ತದೆ. ಅಂಥದ್ದು ಸಿಕ್ಕರೆ ಕತ್ತರಿಸಿ ಡಬ್ಬಿಯ ತಳಕ್ಕೆ ಹಾಕಿ. ಮುಚ್ಚಿದ ಡಬ್ಬಿಯಲ್ಲಷ್ಟೇ ಅದು ನಡೆಯುತ್ತದೆ. ಅದರ ಬದಲು ಹಳೇ ಪೇಪರ್ ಹಾಸಬೇಡಿ, ಪೇಪರ್ ತೇವ ಹಿಡಿದಿಡುತ್ತದೆ.

ಇನ್ನು ಖಾನೆ ಖಾನೆಯ ಪಾರದರ್ಶಕ ಡಬ್ಬಿ. ಎಲ್ಲರೂ ಮೊದಲು ಕೊಳ್ಳೋದು ಇದನ್ನೇ. ರವಿವಾರ ಪೇಠೆಯಲ್ಲಿ ಪ್ಲಾಸ್ಟಿಕ್ ಅಂಗಡಿಗೆ ಹೋದರೆ ನಾನು ಜೇಬಿನಲ್ಲಿ ಒಂದು ಎಂ3 ವಾಷರ್, ಅಂದರೆ 3 ಮಿಲಿಮೀಟರ್ ಬೋಲ್ಟಿಗೆ ಹಾಕುವ ವಾಷರ್, ಹಾಕಿಕೊಂಡೇ ಹೋಗೋದು. ಅದರ ದಪ್ಪ ಅರ್ಧ ಮಿಲಿಮೀಟರ್. ಒಂದು ಖಾನೆಗೆ ವಾಷರ್ ಹಾಕಿ, ಮುಚ್ಚಳ ಹಾಕಿ, ಡಬ್ಬಿ ಬೋರಲು ಮಾಡಿ ಅಲುಗಾಡಿಸಬೇಕು. ಖಾನೆಯ ಗೋಡೆಗೂ ಮುಚ್ಚಳಕ್ಕೂ ನಡುವೆ ಸಂದು ಇದ್ದರೆ ವಾಷರ್ ಪಕ್ಕದ ಖಾನೆಗೆ ಜಾರಿ ಹೋಗುತ್ತದೆ. ಮಾರುಕಟ್ಟೆಯಲ್ಲಿರುವ ಡಬ್ಬಿಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ.

ಅಂಗಡಿಯವರಿಗೆ ನನ್ನ ಚಾಳಿ ಗೊತ್ತು. "ಸಾಹೇಬ್ರ, ಡಬ್ಬಿ ಯಾಕ ಉಲ್ಟಾ ಮಾಡ್ತೀರಿ, ಯಾರರ ಉಲ್ಟಾ ಇಡ್ತಾರೇನ?" ಅಂತ ಮೊದಲು ಕೇಳಿದ್ದರು. ಯಾರೂ ಉಲ್ಟಾ ಇಡೋದಿಲ್ಲ, ಖರೆ. ಆದರೆ ಹಿಡಿಕೆ ಹಿಡಿದು ಒಯ್ಯುವಾಗ, ಸ್ಕೂಟರಿನ ಡಿಕ್ಕಿಯಲ್ಲಿ ನಿಲ್ಲಿಸುವಾಗ, ಅಟ್ಟದಿಂದ ಇಳಿಸುವಾಗ ಅದು ಅಡ್ಡ ಆಗೇ ಆಗುತ್ತದೆ. ಎಂ3, ಎಂ4, ಎಂ5 ವಾಷರ್ ಒಮ್ಮೆ ಕಲೆತವು ಅಂದರೆ ಅವನ್ನು ಬೇರೆ ಮಾಡಲು ಒಂದು ಸಂಜೆ ಹೋಗುತ್ತದೆ. ಈಗ ಅವರೇ ಹೊಸ ಮಾಲು ಬಂದರೆ "ಇದನ್ನ ನೋಡ್ರಿ, ಇದು ಕಲಿಯೂದಿಲ್ಲ" ಅಂತ ತೆಗೆದು ಕೊಡುತ್ತಾರೆ. ತೆಗೆದು ಹಾಕುವ ಗೋಡೆಗಳಿರುವ ಡಬ್ಬಿ ನನಗೆ ಬೇಡ. ಗೋಡೆ ಸಿಕ್ಕಿಸುವ ಸೀಳಿನಲ್ಲಿ ಸಣ್ಣ ಸರ್ಕ್ಲಿಪ್, ಸ್ಪ್ರಿಂಗ್ ಸೇರಿಕೊಳ್ಳುತ್ತವೆ.

ಆಮೇಲೆ ಡಬ್ಬಿ ತಿರುಗಿಸಿ ತಳದ ತ್ರಿಕೋನದೊಳಗಿನ ಅಂಕಿ ನೋಡಿ. 5 ಅಂದರೆ ಪಾಲಿಪ್ರೊಪಿಲೀನ್, ಸ್ವಲ್ಪ ಮಬ್ಬು ಮಬ್ಬು ಕಾಣುತ್ತದೆ. 6 ಅಂದರೆ ಪಾಲಿಸ್ಟೈರೀನ್, ಗಾಜಿನ ಹಾಗೆ ಹೊಳೆಯುತ್ತದೆ. ಹೊಳೆಯೋದಕ್ಕೆ ಮನಸ್ಸು ಎಳೆಯುತ್ತದೆ, ಅಲ್ವಾ? ಆದರೆ ಅದು ಬಿದ್ದರೆ ಸೀಳುತ್ತದೆ, ಪೆಟ್ರೋಲು, ಥಿನ್ನರ್ ತಾಗಿದರೆ ಕರಗಿ ಬಿರುಕು ಬಿಡುತ್ತದೆ. ಪೆಟ್ರೋಲಿನಲ್ಲಿ ತೊಳೆದ ಸಾಮಾನು ಒಣಗುವ ಮೊದಲೇ ಅದರೊಳಗೆ ಹಾಕಿದರೆ ಡಬ್ಬಿ ಹೋಯ್ತು ಅಂತಲೇ ತಿಳಿಯಿರಿ. 5ರ ಡಬ್ಬಿಯಲ್ಲಿ ಮುಚ್ಚಳದ ಕೀಲು ಕೂಡ ಅದೇ ಪ್ಲಾಸ್ಟಿಕ್ಕಿನ ತೆಳು ಪಟ್ಟಿ ಆಗಿರುತ್ತದೆ, ಸಾವಿರ ಸಲ ಮಡಚಿದರೂ ತುಂಡಾಗೋದಿಲ್ಲ. ಅಳತೆ ವಿಷಯದಲ್ಲಿ ಒಂದೇ ಮಾತು, ಬೋಲ್ಟಿನ ಉದ್ದಕ್ಕೆ ತಲೆ ಸೇರಿಸಿ ಲೆಕ್ಕ ಹಾಕಿ. ಎಂ6 ಇಪ್ಪತ್ತರ, ಅಂದರೆ 6 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಉದ್ದದ ಅಲೆನ್ ಬೋಲ್ಟು ತಲೆ ಸೇರಿ 26 ಮಿಲಿಮೀಟರ್.

ಎಂ8ಕ್ಕಿಂತ ಮೇಲಿನದು, ದಪ್ಪ ಮೊಳೆ, ಆ್ಯಂಕರ್ ಬೋಲ್ಟು ಇವನ್ನು ಇಂಥ ಡಬ್ಬಿಗೆ ಹಾಕಲೇಬೇಡಿ. ಕಬ್ಬಿಣ ನೀರಿಗಿಂತ ಸುಮಾರು 7.8 ಪಟ್ಟು ಭಾರ. ನಡುವಿನ ಖಾಲಿ ಜಾಗ ಬಿಟ್ಟು ಲೆಕ್ಕ ಹಾಕಿದರೂ ಒಂದು ಲೀಟರ್ ಡಬ್ಬಿ ತುಂಬ ಬೋಲ್ಟು ಅಂದರೆ ನಾಲ್ಕು ಕೆಜಿ ಹತ್ತಿರ ಹೋಗುತ್ತದೆ. ಇವಕ್ಕೆ ನಾನು ಮುಚ್ಚಳವೇ ಇಲ್ಲದ ಡಬ್ಬಿ ಮಾಡಿಸಿದ್ದೇನೆ: 15 ಕೆಜಿಯ ಖಾಲಿ ಎಣ್ಣೆ ಡಬ್ಬಿಯನ್ನು ಅಡ್ಡ ಮಲಗಿಸಿ, ಮುಂದಿನ ಭಾಗ ಓರೆಯಾಗಿ ಕತ್ತರಿಸಿ, ಅಂಚು ಒಳಗೆ ಮಡಚಿ ಬಡಿದದ್ದು. ಅಂಚು ಮಡಚದಿದ್ದರೆ ಕೈ ಕೊಯ್ಯುತ್ತದೆ, ಕತ್ತರಿಸಿದ ಜಾಗದಿಂದಲೇ ತುಕ್ಕೂ ಶುರುವಾಗುತ್ತದೆ. ದಿನಾ ಕೈ ಹಾಕುವ ಸಾಮಾನಿಗೆ ಮುಚ್ಚಳ ಇದ್ದರೂ ಯಾರೂ ಮುಚ್ಚೋದಿಲ್ಲ, ಅದಕ್ಕಿಂತ ಒಂದಿಷ್ಟು ಎಣ್ಣೆ ಹಾಕಿ ಕಲಸಿ ಇಡೋದು ಮೇಲು. ಮಾಲು ತೀರಿದ್ದು ತಿಳಿಯಲು ಫ್ಯಾಕ್ಟರಿಯ ಪದ್ಧತಿಯನ್ನೇ ಮನೆಗೂ ತಂದಿದ್ದೇನೆ. ಒಂದೇ ಅಳತೆಯದ್ದು ಎರಡು ಡಬ್ಬಿ, ಮುಂದಿನದು ಖಾಲಿಯಾದರೆ ಹಿಂದಿನದು ಮುಂದೆ ಬರುತ್ತದೆ, ಆಗಲೇ ಅಂಗಡಿಗೆ ಚೀಟಿ. ಹೆಚ್ಚು ತಂದು ತುಂಬಿಡುವ ಅಗತ್ಯ ನಮ್ಮ ಊರಲ್ಲಿ ಇಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದ ಊರು ಇದು, ಬಿಡಿಭಾಗದ ವ್ಯಾಪಾರ ಇಲ್ಲಿ ಇವತ್ತಿನದಲ್ಲ.

ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್, ಆಯಿಲ್ ಸೀಲ್ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ನನ್ನ ಹೊಟ್ಟೆಪಾಡೇ ಅದು. ರಬ್ಬರಿಗೆ ತೇವಕ್ಕಿಂತ ಬೆಳಕು ಕೆಟ್ಟದ್ದು. ಬಿಸಿಲು, ಓಝೋನ್ ಎರಡೂ ನೈಟ್ರೈಲ್ ರಬ್ಬರನ್ನು ಸೀಳುತ್ತವೆ. ಕಾರ್ಬನ್ ಬ್ರಷ್ ಕಿಡಿ ಹಾರಿಸುವ ಮೋಟಾರು, ವೆಲ್ಡಿಂಗ್ ಇದ್ದ ಕಡೆ ಓಝೋನ್ ಇದ್ದೇ ಇರುತ್ತದೆ, ಹಾಗಾಗಿ ಗ್ರೈಂಡರ್ ಮೇಲಿನ ಹಲಗೆಯಲ್ಲಿ ಸೀಲ್ ಇಡಬೇಡಿ. ಅಂಗಡಿಗಳಲ್ಲಿ ಓ-ರಿಂಗ್ ಗೊಂಚಲನ್ನು ಮೊಳೆಗೆ ತೂಗು ಹಾಕಿರೋದು ನೋಡಿರುತ್ತೀರಿ. ಆ ತೂಕಕ್ಕೆ ಮೇಲಿನ ರಿಂಗ್ ಎಳೆದುಕೊಂಡು ಅಳತೆ ಕೆಡುತ್ತದೆ. ನನಗೆ ಯಾರಾದರೂ ಅಂಥದ್ದು ಕೊಟ್ಟರೆ ಉಗುರಿನ ಮೇಲೆ ಹಾಕಿ ಬಗ್ಗಿಸಿ ನೋಡುತ್ತೇನೆ. ಹೊರ ಮೈಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಕಸದ ಬುಟ್ಟಿಗೆ, ಜಾಕ್‌ನೊಳಗೆ ಹಾಕಿದರೆ ಒತ್ತಡ ಬಿದ್ದ ಮರುಗಳಿಗೆ ಎಣ್ಣೆ ಸೋರುತ್ತದೆ. ನಾನು ಅಳತೆಗೊಂದು ಪಾಲಿಥೀನ್ ಚೀಲ ಮಾಡಿ, ಚೀಲಗಳನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಚಪ್ಪಟೆಯಾಗಿ ಮಲಗಿಸಿದ್ದೇನೆ. ಒಳಗೆ ಏನಿದೆ ಅಂತ ಹೊರಗಿನಿಂದ ಕಾಣೋದಿಲ್ಲ, ಕಾಣಬಾರದು ಕೂಡ. ಮುಚ್ಚಳದ ಒಳಗಡೆ ಪಟ್ಟಿ ಬರೆದು ಅಂಟಿಸಿದ್ದೇನೆ.

ಬೇರಿಂಗ್ ಅದರ ಸ್ವಂತ ಪೊಟ್ಟಣದಲ್ಲೇ ಇರಲಿ, ಹಾಕುವ ದಿನದವರೆಗೆ ಬಿಚ್ಚಬೇಡಿ. 6201, 6202 ಅಂತ ನಂಬರ್ ಹೊರಗೆ ಕಾಣುವಂತೆ ಮಲಗಿಸಿ, ಎಲ್ಲವನ್ನೂ ಸೇರಿಸಿ ಒಂದು ಗಾಳಿಯಾಡದ ಡಬ್ಬಿಯೊಳಗೆ ಇಟ್ಟರೆ ಸಾಕು. ಗಾಜಿನ ಬಾಟಲಿ ವರ್ಕ್‌ಶಾಪಿಗೆ ಬೇಡವೇ ಬೇಡ. ಒಡೆದರೆ ಚೂರು ಗ್ರೀಸಿನಲ್ಲಿ ಸೇರಿಕೊಂಡು ಬೇರಿಂಗ್ ಒಳಗೂ ಹೋಗಬಹುದು.

ನನಗೆ ಅತಿ ಪ್ರೀತಿಯ ಡಬ್ಬಿ ಅಂದರೆ ಅಡುಗೆಮನೆಯ ಸ್ಟೀಲ್ ಮಸಾಲೆ ಡಬ್ಬಿ, ಏಳು ವಾಟಿ ಇರೋದು. ಸಾಮಾನು ಕೂಡಿಡಲು ಅಲ್ಲ, ಯಂತ್ರ ಬಿಚ್ಚುವಾಗ. ಹೊಲಿಗೆ ಯಂತ್ರ ಬಿಚ್ಚಿದರೆ ಮೇಲಿನ ಮುಚ್ಚಳದ ಸ್ಕ್ರೂ ಮೊದಲ ವಾಟಿಗೆ, ಅದರ ಕೆಳಗಿನದು ಎರಡನೆಯದಕ್ಕೆ, ಹೀಗೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಸುತ್ತು ಹಾಕುತ್ತೇನೆ, ಟೆನ್ಷನ್ ಸ್ಪ್ರಿಂಗ್ ಮತ್ತು ಅದರ ನಟ್ಟು ನಡುವಿನ ವಾಟಿಗೆ. ಜೋಡಿಸುವಾಗ ಹಿಂದಕ್ಕೆ ಸುತ್ತಿದರೆ ಆಯ್ತು. ನಡುವೆ ಊಟಕ್ಕೆ ಕರೆದರೆ ಒಂದೇ ಮುಚ್ಚಳದಲ್ಲಿ ಏಳೂ ಮುಚ್ಚುತ್ತವೆ. ಅಯಸ್ಕಾಂತ ಹಿಡಿಯದ ಸ್ಟೀಲಿನದ್ದು ಆರಿಸಿ, ಅಂಗಡಿಯಲ್ಲೇ ಹಿಡಿದು ನೋಡಿ. ಅಂಥದ್ದಾದರೆ ಹಳೇ ಸ್ಪೀಕರ್‌ನ ಅಯಸ್ಕಾಂತವನ್ನು ಡಬ್ಬಿಯ ಕೆಳಗಿಟ್ಟರೆ ಅದರ ಸೆಳೆತ ತಳ ದಾಟಿ ಬಂದು, ವಾಟಿ ವಾಲಿದರೂ ಸ್ಕ್ರೂ ಕದಲೋದಿಲ್ಲ. ಬೇರಿಂಗ್ ಇದ್ದಾಗ ಮಾತ್ರ ಅಯಸ್ಕಾಂತ ದೂರ ಇಡಿ, ಕಬ್ಬಿಣದ ಪುಡಿ ಎಳೆದುಕೊಳ್ಳುತ್ತದೆ. ಈ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಬಾರದು, ಅದನ್ನು ಹೇಳಬೇಕಾಗಿಲ್ಲ.

ಹೆಸರು ಬರೆಯೋದು ಮೈಮೇಲೆ, ಮುಚ್ಚಳದ ಮೇಲಲ್ಲ. ಒಂದೇ ಥರದ ಡಬ್ಬಿಗಳ ಮುಚ್ಚಳ ಅದಲು ಬದಲು ಆಗುತ್ತವೆ. ಮಾರ್ಕರ್ ಶಾಯಿ ಎಣ್ಣೆ ಕೈಗೆ ಅಳಿಸಿಹೋಗುತ್ತದೆ, ಹಾಗಾಗಿ ಪೆನ್ಸಿಲ್‌ನಲ್ಲಿ ಚೀಟಿ ಬರೆದು ಡಬ್ಬಿಯ ಒಳಗಡೆಯಿಂದ ಪಾರದರ್ಶಕ ಟೇಪ್ ಹಾಕಿ ಅಂಟಿಸುತ್ತೇನೆ. ಎಣ್ಣೆ ಡಬ್ಬಿಗಳಿಗೆ ಅದೇ ಅಳತೆಯ ಒಂದು ಬೋಲ್ಟನ್ನು ಮುಂದೆ ತಂತಿಯಲ್ಲಿ ಕಟ್ಟಿದ್ದೇನೆ, ಓದುವ ಕೆಲಸವೇ ಇಲ್ಲ.

ಅಂಟುಗಳಲ್ಲಿ ಮುಚ್ಚಳದ ಲೆಕ್ಕ ಇನ್ನೂ ಬೇರೆ. ಫೆವಿಕ್ವಿಕ್ ಥರದ್ದು ಗಾಳಿಯ ತೇವದಿಂದಲೇ ಗಟ್ಟಿಯಾಗೋದು, ಅದನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿ ಇಡಬೇಕು. ಬೋಲ್ಟಿಗೆ ಹಾಕುವ ಥ್ರೆಡ್ ಲಾಕರ್ ಇದಕ್ಕೆ ಪೂರ್ತಿ ಉಲ್ಟಾ, ಗಾಳಿ ಸಿಗದಿದ್ದರೆ ಗಟ್ಟಿಯಾಗುತ್ತದೆ. ಅದಕ್ಕೇ ಕಂಪನಿಯವರು ಗಾಳಿ ದಾಟುವ ಪ್ಲಾಸ್ಟಿಕ್ ಬಾಟಲಿಯಲ್ಲಿ, ತುಂಬ ತುಂಬದೆ ಕೊಡುತ್ತಾರೆ. ಅದನ್ನು ಬೇರೆ ಪುಟ್ಟ ಬಾಟಲಿಗೆ ಕಂಠಮಟ್ಟ ಸುರಿದು ಇಡಬೇಡಿ.

ಉಳಿದದ್ದು ಸಿಆರ್2032 ಥರದ ಬಿಲ್ಲೆ ಸೆಲ್. ಸ್ಕ್ರೂ ಜೊತೆ ಬಿದ್ದಿದ್ದರೆ ಶಾರ್ಟ್ ಆಗಿ ಬಿಸಿಯಾಗುತ್ತವೆ, ಮಕ್ಕಳು ನುಂಗಿದರೆ ಗಂಟಲೇ ಸುಟ್ಟು ಜೀವಕ್ಕೆ ಅಪಾಯ. ಅವು ನಮ್ಮ ಮನೆಯಲ್ಲಿ ಅಂಗಡಿಯ ಪ್ಯಾಕಿನಲ್ಲೇ, ಬೀಗ ಹಾಕುವ ಮೇಲಿನ ಕಪಾಟಿನಲ್ಲಿ ಇರುತ್ತವೆ.