ಔಷಧದ ಮಾರ್ಜಿನ್ ರದ್ದಾದಾಗ ಆಸ್ಪತ್ರೆಯ ಲೆಕ್ಕ ನಾನು ಹಾಕುವ ಬಗೆ

ಔಷಧವನ್ನು ಖರೀದಿ ಬೆಲೆಗಿಂತ ಹೆಚ್ಚಿಗೆ ಮಾರಿ ಆಸ್ಪತ್ರೆ ಉಳಿಸಿಕೊಳ್ಳುವ ಮೊತ್ತವೇ ಮಾರ್ಜಿನ್. ಅದು ರದ್ದು ಎಂಬ ಸರ್ಕಾರಿ ಆದೇಶ ಬಂದಾಗ ಮೊದಲ ತಪ್ಪು ಶೇಕಡಾ ಲೆಕ್ಕದಲ್ಲೇ ಆಗುತ್ತದೆ. ಉದಾಹರಣೆಗೆ ಮಾರ್ಜಿನ್ 15% ಇದ್ದರೆ, ಅದು ಖರೀದಿ ಬೆಲೆಯ ಮೇಲೆ, ಮಾರಾಟದ ಮೇಲಲ್ಲ. 115 ಲಕ್ಷದ ಮಾರಾಟದಲ್ಲಿ ಕೈತಪ್ಪುವುದು 15 ಲಕ್ಷ, ಅಂದರೆ 13.04%. ಮಾರಾಟಕ್ಕೇ 15% ಹಾಕಿದರೆ 17.25 ಲಕ್ಷ ಬರುತ್ತದೆ. ಆ ಹೆಚ್ಚುವರಿ 2.25 ಲಕ್ಷ ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಕೈತಪ್ಪಿದ ಆದಾಯಕ್ಕೆ ಪರಿಹಾರ ಕೇಳಿದ ಇಡೀ ಕಡತದ ಮೇಲೆ ಅನುಮಾನ ಬೀಳುತ್ತದೆ. ಅದಕ್ಕೇ ನಾನು ಬ್ಯಾಚ್‌ವಾರು ಖರೀದಿ ಇನ್‌ವಾಯ್ಸ್‌ನಿಂದ ಶುರು ಮಾಡುತ್ತೇನೆ.

ಆ 15 ಲಕ್ಷ ಬರೀ ಲಾಭವಾಗಿರಲಿಲ್ಲ. ಫಾರ್ಮಸಿಸ್ಟರ ಸಂಬಳ, ಫ್ರಿಜ್‌ಗಳ ವಿದ್ಯುತ್, ಅವಧಿ ಮೀರಿದ ಮತ್ತು ಒಡೆದ ಮಾಲಿನ ನಷ್ಟ ಎಲ್ಲವೂ ಅದರಲ್ಲೇ ಸರಿಹೋಗುತ್ತಿದ್ದವು. ಮಾರ್ಜಿನ್ ಹೋದರೂ ಇವು ಉಳಿಯುತ್ತವೆ. ಇವುಗಳನ್ನು ಪ್ರತ್ಯೇಕ ಖರ್ಚಿನ ಶೀರ್ಷಿಕೆಯಡಿ ತೋರಿಸದಿದ್ದರೆ ಔಷಧ ವಿಭಾಗಕ್ಕೆ ಖರ್ಚೇ ಇಲ್ಲವೆಂದು ಮೇಲಿನವರು ತಿಳಿಯುತ್ತಾರೆ.

ಚೀನಾದಲ್ಲಿ ಗಿಡಮೂಲಿಕೆ ಔಷಧ ಬಿಟ್ಟು ಉಳಿದವುಗಳ ಮಾರ್ಜಿನ್ 2017ರಲ್ಲಿ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಹೋಯಿತು. ಬೀಜಿಂಗ್ ಆ ವರ್ಷ ಏಪ್ರಿಲ್ 8ರಂದು ಮಾರ್ಜಿನ್ ತೆಗೆದು, ಅದೇ ದಿನ ನೋಂದಣಿ, ತಪಾಸಣೆ ಶುಲ್ಕಗಳ ಬದಲು ವೈದ್ಯಕೀಯ ಸೇವಾ ಶುಲ್ಕ ತಂದಿತು. ಎರಡೂ ಒಂದೇ ದಿನ ಆಗಲೇಬೇಕು. ನಡುವೆ ಕಳೆದ ಪ್ರತಿ ತಿಂಗಳೂ ಆಸ್ಪತ್ರೆಗೆ ನೇರ ನಷ್ಟ. ಆದರೂ ಸೇವಾ ಶುಲ್ಕದಿಂದ ಸಿಗುವ ಪರಿಹಾರ ಸಮನಾಗಿ ಹಂಚಿಕೆಯಾಗುವುದಿಲ್ಲ. ಹೊರರೋಗಿಗಳು ಹೆಚ್ಚಿರುವ ವಿಭಾಗ ಗೆಲ್ಲುತ್ತದೆ, ದುಬಾರಿ ಔಷಧವನ್ನೇ ನಂಬಿರುವ ಕ್ಯಾನ್ಸರ್ ವಾರ್ಡ್ ಸೋಲುತ್ತದೆ. ವಿಭಾಗವಾರು ಲೆಕ್ಕ ಹಾಕಿದರೆ ಮಾತ್ರ ಇದು ಕಾಣುತ್ತದೆ.

ನಿಜವಾದ ಪೆಟ್ಟು ನಗದಿನಲ್ಲಿ. ದಿನಕ್ಕೆ 4 ಲಕ್ಷದ ಔಷಧ ಖರ್ಚಾಗುವ ಕಡೆ ಸರಬರಾಜುದಾರರಿಗೆ 90 ದಿನಕ್ಕೆ ಕೊಡುತ್ತಿದ್ದ ಹಣವನ್ನು ಹೊಸ ನಿಯಮದಂತೆ 30 ದಿನಕ್ಕೇ ಕೊಡಬೇಕಾದರೆ, 60 ದಿನದ 240 ಲಕ್ಷವನ್ನು ಮುಂಚಿತವಾಗಿಯೇ ಹೊಂದಿಸಬೇಕು. ವಿಮೆಯ ಬಾಕಿ ಮಾತ್ರ ಹಳೇ ವೇಗದಲ್ಲೇ ಬರುತ್ತದೆ. ವಾರ್ಷಿಕ ಲೆಕ್ಕಪತ್ರದಲ್ಲಿ ಇದು ನಷ್ಟವೆಂದು ಕಾಣುವುದೇ ಇಲ್ಲ, ಆದರೆ ಸಂಬಳ ನಿಲ್ಲಿಸುವುದು ಇದೇ.

ಹಳೇ ದಾಸ್ತಾನಿನದು ಇನ್ನೊಂದು ಹೊಡೆತ. ಚೀನಾದ 11 ನಗರಗಳು ಒಟ್ಟಾಗಿ ಮಾಡಿದ ಸಗಟು ಖರೀದಿಯಲ್ಲಿ 2018ರ ಡಿಸೆಂಬರ್‌ನಲ್ಲಿ 25 ಔಷಧಗಳ ಬೆಲೆ ಸರಾಸರಿ 52% ಇಳಿಯಿತು. ಅಷ್ಟು ಇಳಿತದಲ್ಲಿ 10 ಲಕ್ಷದ ದಾಸ್ತಾನಿನ ಬೆಲೆ ರಾತ್ರೋರಾತ್ರಿ 4.8 ಲಕ್ಷ. ಹೊಸ ದರದ ದಿನಾಂಕ ಗೊತ್ತಾದ ತಕ್ಷಣ ಆ ದರಪಟ್ಟಿಯಲ್ಲಿರುವ ಔಷಧಗಳ ದಾಸ್ತಾನನ್ನು 30 ದಿನದಿಂದ 7–10 ದಿನಕ್ಕೆ ಇಳಿಸುತ್ತೇನೆ. ಜೀವರಕ್ಷಕ ಔಷಧಗಳನ್ನು ಮಾತ್ರ ಮುಟ್ಟುವುದಿಲ್ಲ. ಹೊಸ ದರ ಬರುವ ಹಿಂದಿನ ರಾತ್ರಿ ವಾರ್ಡ್‌ಗಳ ಕಪಾಟುಗಳನ್ನೂ ಸೇರಿಸಿ ಎಣಿಸಬೇಕು. ಮುಖ್ಯ ಉಗ್ರಾಣವನ್ನಷ್ಟೇ ಎಣಿಸಿದರೆ ದರ ವ್ಯತ್ಯಾಸಕ್ಕೆ ಸರಬರಾಜುದಾರರಿಂದ ಕ್ರೆಡಿಟ್ ನೋಟ್ (ಆ ಮೊತ್ತವನ್ನು ನಮ್ಮ ಬಾಕಿಯಲ್ಲಿ ಕಳೆಯುವ ಪತ್ರ) ಕೇಳಲು ಕೈಯಲ್ಲಿ ಪೂರ್ತಿ ಆಧಾರ ಇರುವುದಿಲ್ಲ. ಆ ಹಕ್ಕನ್ನು ಕರಾರಿನಲ್ಲೂ ಮೊದಲೇ ಬರೆಸಿರಬೇಕು.

ಆರು ತಿಂಗಳ ನಂತರ ‘ಒಟ್ಟು ಆದಾಯದಲ್ಲಿ ಔಷಧದ ಪಾಲು ಇಳಿದಿದೆ’ ಎಂದು ವರದಿ ಬಂದರೆ ನಾನು ನಂಬುವುದಿಲ್ಲ. ಸ್ಕ್ಯಾನ್, ಲ್ಯಾಬ್ ಪರೀಕ್ಷೆ ಹೆಚ್ಚಿಸಿದರೂ ಆ ಪಾಲು ಇಳಿಯುತ್ತದೆ, ರೋಗಿಯ ಬಿಲ್ ಮಾತ್ರ ಏರುತ್ತದೆ. ಒಂದೇ ಕಾಯಿಲೆಯ ಒಳರೋಗಿಗಳ ತಲಾ ಬಿಲ್ಲನ್ನು ಔಷಧ, ಪರೀಕ್ಷೆ, ಸಾಮಗ್ರಿ ಎಂದು ಬಿಡಿಸಿ, ಆದೇಶದ ಹಿಂದಿನ 12 ತಿಂಗಳು ಮತ್ತು ನಂತರದ ತಿಂಗಳುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.