ಡಿ20 ಮಾಡರ್ನ್: ವೈದ್ಯನ ಪಾತ್ರಕ್ಕೆ ಕ್ಲಾಸ್ ಆರಿಸುವುದು ಹೇಗೆ?

ಹೊಸದಾಗಿ ಆಡಲು ಕುಳಿತವರು ‘ನಾನು ಡಾಕ್ಟರ್’ ಎಂದು ಘೋಷಿಸಿ, ಮರುಕ್ಷಣವೇ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್‌ನಲ್ಲಿ ಸ್ಮಾರ್ಟ್ ಹೀರೋ ಎಂದು ಬರೆದುಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರ್ ಎಂದರೆ ಬುದ್ಧಿವಂತ, ಬುದ್ಧಿವಂತನೆಂದರೆ ಸ್ಮಾರ್ಟ್ ಎಂಬ ಲೆಕ್ಕಾಚಾರ. ಆಟ ಮುಂದುವರಿದಾಗ ಗಾಯಾಳುಗಳ ಮುಂದೆ ಕೈಕಟ್ಟಿ ನಿಲ್ಲುವವರೂ ಇವರೇ.

2002ರಲ್ಲಿ ಬಂದ ಡಿ20 ಮಾಡರ್ನ್, ಇಂದಿನ ಲೋಕದಲ್ಲಿ ನಡೆಯುವ, ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ. ಇಲ್ಲಿ ಪಾತ್ರದ ಬಗೆಯನ್ನು ಹೇಳುವ ಮೂಲ ಕ್ಲಾಸ್‌ಗಳು ವೃತ್ತಿಯನ್ನು ಸೂಚಿಸುವುದಿಲ್ಲ, ಸಾಮರ್ಥ್ಯವನ್ನು ಸೂಚಿಸುತ್ತವೆ: ಬಲಕ್ಕೆ ಸ್ಟ್ರಾಂಗ್, ಚುರುಕಿಗೆ ಫಾಸ್ಟ್, ತಾಳಿಕೆಗೆ ಟಫ್, ಬುದ್ಧಿಗೆ ಸ್ಮಾರ್ಟ್, ವಿವೇಕಕ್ಕೆ ಡೆಡಿಕೇಟೆಡ್, ಸೆಳೆತಕ್ಕೆ ಕ್ಯಾರಿಸ್ಮ್ಯಾಟಿಕ್. ಸೋಲ್ಜರ್, ಇನ್ವೆಸ್ಟಿಗೇಟರ್, ಫೀಲ್ಡ್ ಮೆಡಿಕ್ ಮುಂತಾದವು ಅಡ್ವಾನ್ಸ್ಡ್ ಕ್ಲಾಸ್‌ಗಳು. ಅರ್ಹತೆ ಗಳಿಸಿದ ಮೇಲಷ್ಟೇ ಅವುಗಳ ಬಾಗಿಲು ತೆರೆಯುತ್ತದೆ.

ಹಂತ 1: ಗುರಿಯನ್ನು ಮೊದಲು ಬರೆಯಿರಿ. ನಮ್ಮ ಗುರಿ ಗಾಯಾಳುಗಳಿಗೆ ಸ್ಥಳದಲ್ಲೇ ಚಿಕಿತ್ಸೆ ನೀಡುವ ಫೀಲ್ಡ್ ಮೆಡಿಕ್.

ಹಂತ 2: ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಲ್ಲರೂ ಎಡವುವುದು ಇಲ್ಲಿಯೇ. ಫೀಲ್ಡ್ ಮೆಡಿಕ್ ಆಗಲು ನಾಲ್ಕು ಅರ್ಹತೆಗಳು ಬೇಕು: ದಾಳಿಯ ಮೂಲ ಬೋನಸ್ (ದಾಳಿ ಮಾಡುವಾಗ ದಾಳದ ಅಂಕಕ್ಕೆ ಕೂಡುವ ಸಂಖ್ಯೆ) +2, ಟ್ರೀಟ್ ಇಂಜುರಿ (ಚಿಕಿತ್ಸೆ) ಸ್ಕಿಲ್‌ನಲ್ಲಿ 6 ರ‍್ಯಾಂಕ್, ಸ್ಪಾಟ್ (ಗಮನಿಸುವಿಕೆ) ಸ್ಕಿಲ್‌ನಲ್ಲಿ 6 ರ‍್ಯಾಂಕ್, ಸರ್ಜರಿ ಎಂಬ ಫೀಟ್ (ವಿಶೇಷ ಪರಿಣತಿ). ಈಗ ಸ್ಮಾರ್ಟ್ ಹೀರೋನ ಪಟ್ಟಿ ತೆರೆಯಿರಿ. ಈ ಎರಡೂ ಸ್ಕಿಲ್‌ಗಳು ಅದರಲ್ಲಿಲ್ಲ. ಟ್ರೀಟ್ ಇಂಜುರಿಯನ್ನು ಪೂರ್ವವೃತ್ತಿಯ, ಅಂದರೆ ಪಾತ್ರದ ಹಿಂದಿನ ಉದ್ಯೋಗದ ಮೂಲಕ ಸೇರಿಸಿಕೊಳ್ಳಬಹುದು, ಆದರೆ ವೈದ್ಯವೃತ್ತಿ ಸ್ಪಾಟ್ ಕೊಡುವುದಿಲ್ಲ. ಕ್ಲಾಸ್‌ಗೆ ಹೊರಗಿನ ಸ್ಕಿಲ್‌ನಲ್ಲಿ ಒಂದು ರ‍್ಯಾಂಕ್‌ಗೆ ಎರಡು ಸ್ಕಿಲ್ ಪಾಯಿಂಟ್ ಖರ್ಚು. ಮಿತಿಯೋ, ಪಾತ್ರ ಬೆಳೆದಂತೆ ಏರುವ ಲೆವೆಲ್‌ಗೆ ಮೂರು ಕೂಡಿಸಿ ಬಂದದ್ದರ ಅರ್ಧ. ಆರು ರ‍್ಯಾಂಕ್ ಮುಟ್ಟಲು ಒಂಬತ್ತನೇ ಲೆವೆಲ್‌ವರೆಗೆ ಕಾಯಬೇಕು!

ಡೆಡಿಕೇಟೆಡ್ ಹೀರೋಗೆ ಎರಡೂ ಸ್ವಂತ ಸ್ಕಿಲ್‌ಗಳು. ಮಿತಿ ಲೆವೆಲ್‌ಗೆ ಮೂರು ಕೂಡಿಸಿದಷ್ಟು, ಆದ್ದರಿಂದ ಮೂರನೇ ಲೆವೆಲ್‌ನಲ್ಲಿಯೇ 6. ದಾಳಿಯ ಬೋನಸ್ಸೂ ಅಲ್ಲಿಗೆ ಸರಿಯಾಗಿ +2 ಆಗುತ್ತದೆ. ನಾಲ್ಕನೇ ಲೆವೆಲ್‌ಗೆ ನೀವು ಫೀಲ್ಡ್ ಮೆಡಿಕ್. ಈ ಮೂರು ಲೆವೆಲ್‌ಗಳಲ್ಲಿ ಬೇರೆ ಕ್ಲಾಸ್ ಬೆರೆಸಲೇಬೇಡಿ. ನಡುವೆ ಒಂದು ಲೆವೆಲ್ ಸ್ಮಾರ್ಟ್ ಸೇರಿಸಿದರೂ ದಾಳಿಯ ಬೋನಸ್ +1ರಲ್ಲೇ ನಿಂತು ಇಡೀ ಲೆಕ್ಕ ಒಂದು ಲೆವೆಲ್ ಹಿಂದೆ ಬೀಳುತ್ತದೆ.

ಶೀಟ್ ತುಂಬಿಕೊಡುವ ಆ್ಯಪ್‌ಗಳನ್ನು ಈ ಹಂತದಲ್ಲಿ ದೂರವಿಡಿ. ಅವು ಮೊತ್ತ ತೋರಿಸುತ್ತವೆ, ಮುಂದೆ ಮುಚ್ಚಿಹೋಗುವ ದಾರಿಯನ್ನು ತೋರಿಸುವುದಿಲ್ಲ. ಹಳೆಯ ಪುಸ್ತಕಕ್ಕೆ ದುಬಾರಿ ಬೆಲೆ ತೆರುವ ಅಗತ್ಯವೂ ಇಲ್ಲ. ನಿಯಮಗಳ ಮುಖ್ಯ ಭಾಗ ಓಪನ್ ಗೇಮ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಉಚಿತವಾಗಿ ಸಿಗುತ್ತದೆ. ಪೆನ್ಸಿಲ್ ಹಿಡಿದು ಮೂರು ಸಾಲು ಬರೆದರೆ ಸಾಕು.

ಹಂತ 3: 15, 14, 13, 12, 10, 8 ಎಂದು ಆರು ಸಾಮರ್ಥ್ಯಗಳಿಗೆ ಹಂಚುವ ಸಿದ್ಧ ಅಂಕಗಳಲ್ಲಿ 15 ವಿವೇಕಕ್ಕೇ ಹೋಗಬೇಕು. ಚಿಕಿತ್ಸೆ, ಗಮನಿಸುವಿಕೆ ಎರಡೂ ಅದರ ಮೇಲೆ ನಿಂತಿವೆ. ಬುದ್ಧಿಗೆ 14 ಕೊಡಿ, ಸ್ಕಿಲ್ ಪಾಯಿಂಟ್‌ಗಳು ಹೆಚ್ಚುತ್ತವೆ. ಮೊದಲ ಲೆವೆಲ್‌ನ ಟ್ಯಾಲೆಂಟ್ (ಕ್ಲಾಸ್ ಕೊಡುವ ವಿಶೇಷ ಗುಣ) ಆಗಿ ಹೀಲಿಂಗ್ ನ್ಯಾಕ್ ತೆಗೆದುಕೊಳ್ಳಿ. ಪ್ರತಿ ಚಿಕಿತ್ಸೆಗೂ +2.

ಹಂತ 4: ಪೂರ್ವವೃತ್ತಿ. ಡಾಕ್ಟರ್ ಆಗಲು ಪಾತ್ರಕ್ಕೆ 25 ವರ್ಷ ತುಂಬಿರಬೇಕು. ಕಿರಿಯ ಪಾತ್ರವಾದರೆ ತುರ್ತುಸೇವೆ ಆರಿಸಿ, ಅದಕ್ಕೆ 18 ಸಾಕು.

ಹಂತ 5: ಮೊದಲ ಲೆವೆಲ್‌ನ ಎರಡು ಫೀಟ್‌ಗಳಲ್ಲಿ ಒಂದು ಸರ್ಜರಿ. ಅದಕ್ಕೆ ಟ್ರೀಟ್ ಇಂಜುರಿ 4 ರ‍್ಯಾಂಕ್ ಬೇಕು, ಆದ್ದರಿಂದ ಆ ನಾಲ್ಕನ್ನು ಮೊದಲ ದಿನವೇ ತುಂಬಿ. ಇನ್ನೊಂದು ಬಂದೂಕಿನ ತರಬೇತಿಗೆ. ಅದಿಲ್ಲದೆ ಗುಂಡು ಹಾರಿಸಿದರೆ −4.

ಹಂತ 6: ಖರೀದಿ. ಮೆಡಿಕಲ್ ಕಿಟ್ ಇಲ್ಲದೆ ಚಿಕಿತ್ಸೆಗೆ ಕೈಹಾಕಿದರೂ −4, ಇಷ್ಟು ಜೋಪಾನವಾಗಿ ಕೂಡಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಸರ್ಜರಿ ಕಿಟ್ ಬೇರೆಯೇ ಬೇಕು. ಬಂದೂಕಿನ ಪಟ್ಟಿ ತೆರೆಯುವ ಮುನ್ನ ಇವೆರಡನ್ನೂ ಶೀಟ್‌ನಲ್ಲಿ ಬರೆದುಕೊಳ್ಳಿ.